ರೇಟು ಒಪ್ಪುವ ಮುಂಚಿನ ಕಾಫಿ

ಕೊಬ್ಬರಿ ನೋಡಲು ಯಾರ ಮನೆಗೆ ಹೋದರೂ ರೇಟು ಮಾತಾಡಿ ಮುಗಿಯುವ ತನಕ ಅವರ ಮನೆಯ ಕಾಫಿ ಮುಟ್ಟಬಾರದು ಎಂದು ನಾನು ಶುರುವಿನಲ್ಲೇ ಕಟ್ಟುಪಾಡು ಹಾಕಿಕೊಂಡಿದ್ದೆ. ಲೋಟ ತಂದು ಪಕ್ಕದಲ್ಲಿಡುತ್ತಾರೆ. ಹಬೆ ಹೋಗುತ್ತದೆ, ಕೆನೆ ಕಟ್ಟುತ್ತದೆ, ನಾವು ಮಾತಾಡುತ್ತಲೇ ಇರುತ್ತೇವೆ. ನಾನು ಲೋಟ ಎತ್ತಿ ಒಂದು ಗುಟುಕು ಕುಡಿದೆನೆಂದರೆ ಅವರು ಕಡೆಯದಾಗಿ ಹೇಳಿದ ರೇಟು ನನಗೆ ಒಪ್ಪಿಗೆ ಎಂದು ಅರ್ಥ. ಚೀಟಿ ಬೇಡ, ಸಾಕ್ಷಿ ಬೇಡ. ತಿಪಟೂರಿನಿಂದ ತುರುವೇಕೆರೆಯ ತನಕ, ಆಚೆ ಚಿಕ್ಕನಾಯಕನಹಳ್ಳಿ ಕಡೆಯ ತೋಟದವರಿಗೂ ಇದು ಗೊತ್ತು.

ನಾನು ಕಾಯಿ ಸುಲಿಯುವ ಕೂಲಿಯಾಗಿ ಈ ದಂಧೆಗೆ ಬಂದವನು. ಆಗಿನ ನನ್ನ ಧಣಿ ಹೋದ ಕಡೆಯೆಲ್ಲ ಮೊದಲು ಕಾಫಿ ಕುಡಿದುಬಿಡುತ್ತಿದ್ದರು. ಕುಡಿದ ಮೇಲೆ ದಾಕ್ಷಿಣ್ಯ ಬರುತ್ತಿತ್ತು, ಕಡಿಮೆ ಕೇಳಲು ಬಾಯಿ ಬರುತ್ತಿರಲಿಲ್ಲ. ನಾನು ಸುಲಿಗೋಲಿನ ಮುಂದೆ ನಿಂತು ಅದನ್ನು ನೋಡುತ್ತಿದ್ದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಇವತ್ತಿಗೂ ನಾನು ಹೇಳುವುದು ಇಷ್ಟೇ: ಮನೆಯವರು ಕೊಡುವ ಚಾಪೆ, ನೀರು, ನೆರಳು ಎಲ್ಲ ತಗೊಳ್ಳಿ. ಕಾಫಿ ಮಾತ್ರ ಕಡೆಗೆ.

ಎರಡನೆಯ ಬುದ್ಧಿಮಾತೂ ಉಂಟು. ಅಟ್ಟ ಹತ್ತದೆ ಮಾಲು ಕೊಳ್ಳಬೇಡಿ. ನಮ್ಮ ಕಡೆ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಏಣಿಯ ಹತ್ತಿರ ಕೈಗೆ ಸಿಗುವ ಕಾಯಿಯನ್ನು ಮಾತ್ರ ನೋಡಬಾರದು. ಒಳ್ಳೆಯದನ್ನು ಅಲ್ಲಿ ಜೋಡಿಸಿರುತ್ತಾರೆ. ಹಿಂದಿನ ಮೂಲೆಗೆ ಬಗ್ಗಿ ಹೋಗಿ, ಅಡಿಯಿಂದ ಎಳೆದು ನೋಡಬೇಕು. ಹಳಸಿದ ಎಣ್ಣೆಯಂಥ ಕೌಟು ವಾಸನೆ ಅಡಗಿರುವುದು ಅಲ್ಲಿ.

ಇದೆಲ್ಲ ಬಲ್ಲ ನಾನು ಅಟ್ಟ ಹತ್ತಲಾರದವನಾದೆ. ವ್ಯಾಪಾರ ಕುದುರಿದ ಮನೆಯಲ್ಲೆಲ್ಲ ಕಾಫಿಯ ಹಿಂದೆ ಚಕ್ಕುಲಿ, ಒಬ್ಬಟ್ಟು, ಊಟ ಬರುತ್ತದೆ. ಬೇಡ ಅನ್ನುವ ಅಭ್ಯಾಸ ನನಗಿದ್ದದ್ದು ರೇಟಿನಲ್ಲಿ ಮಾತ್ರ. ನೂರ ಮೂವತ್ತು ಕೆಜಿ ದಾಟಿದ ವರ್ಷ ಅರಳಗುಪ್ಪೆಯ ಒಂದು ಮನೆಯಲ್ಲಿ ಏಣಿಯ ಮೂರನೇ ಮೆಟ್ಟಿಲು ನನ್ನ ಕಾಲ ಕೆಳಗೆ ಮುರಿಯಿತು. "ಏಣಿ ಹಳೇದಾಗಿತ್ತು ಬುಡಿ" ಅಂದರು ಮನೆಯವರು. ಬಿದಿರಿನ ಹಸಿರು ಇನ್ನೂ ಹೋಗಿರಲಿಲ್ಲ. ಅವರು ನಕ್ಕಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಆಮೇಲೆ ಬೇರೆಯವರನ್ನು ಅಟ್ಟ ಹತ್ತಿಸಿ ನಾನು ಕೆಳಗೆ ಕೂತು ಕೇಳಿಸಿಕೊಳ್ಳುವುದಾಯಿತು. ಮೇಲಿಂದ "ಚೆನ್ನಾಗೈತೆ" ಅಂದರೆ ಎಷ್ಟು ಚೆನ್ನಾಗಿದೆಯೋ ನನಗೇನು ಗೊತ್ತು? ಅನುಮಾನಕ್ಕೆಂದು ರೇಟಿನಲ್ಲಿ ಸ್ವಲ್ಪ ಹಿಡಿದುಕೊಳ್ಳತೊಡಗಿದೆ.

ಇದು ಮೊದಲು ಹೊಳೆದದ್ದು ದಬ್ಬೇಘಟ್ಟದ ಹತ್ತಿರ ತೋಟ ಮಾಡಿಸುವ ಒಬ್ಬ ಹೆಂಗಸಿಗೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತೇನೆ. ಮನೆಯ ವ್ಯವಹಾರವೆಲ್ಲ ಅವಳದೇ. ಹದಿನೆಂಟು ವರ್ಷ ಅವಳ ಅಟ್ಟದ ಮಾಲು ನನ್ನನ್ನು ಬಿಟ್ಟು ಬೇರೆಯವರಿಗೆ ಹೋಗಿರಲಿಲ್ಲ. ನಾನು ಸ್ವಂತಕ್ಕೆ ಮಾಡಿದ ಮೊದಲ ವ್ಯಾಪಾರವೂ ಆ ಮನೆಯದೇ. ನಾನು ಅಟ್ಟ ಹತ್ತದೆ ಕೊಂಡ ಎರಡನೇ ವರ್ಷ ಅವಳು ಹೇಳಿದಳು:

"ಹತ್ತಿ ನೋಡ್ದೆ ಇರೋ ಮಾಲಿಗೆ ಅನುಮಾನದ ರೇಟು ಕಟ್ತಾ ಇದ್ದೀಯ ಕಣಪ್ಪ. ಮುಂದಿನ್ ಸಲ ನೀನೇ ಹತ್ತಿ ನೋಡಂಗಿದ್ರೆ ಬಾ. ಇಲ್ದಿದ್ರೆ ಬೇರೆಯೋರು ಬತ್ತೀನಿ ಅಂತಾವ್ರೆ."

ಆ ಮನೆ ಕೈತಪ್ಪಬಾರದೆಂದು ನಾನು ತೂಕ ಇಳಿಸಲು ಹೊಟ್ಟೆ ಕುಯ್ಯಿಸಿಕೊಂಡೆ. ಆರೋಗ್ಯ, ಆಯುಸ್ಸು ಎಂದೆಲ್ಲ ಡಾಕ್ಟರ ಮುಂದೆ ಹೇಳಿದೆ. ಕಾರಣ ಮಾತ್ರ ಏಣಿ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊಟ್ಟೆಯನ್ನು ಒಂದು ಸಣ್ಣ ಬಟ್ಟಲಿನಷ್ಟು ಮಾಡಿ, ಕರುಳನ್ನು ಅದಕ್ಕೆ ಬೇರೆ ದಾರಿಯಲ್ಲಿ ಜೋಡಿಸಿದರು. ಬಿಡುಗಡೆಯ ದಿನ ಊಟದ ವಿಷಯ ಹೇಳುವ ಒಬ್ಬ ಹೆಣ್ಣುಮಗಳು ಅಚ್ಚುಹಾಕಿದ ಹಾಳೆ ಕೊಟ್ಟಳು. ಕಾಫಿ ಸದ್ಯಕ್ಕೆ ಬೇಡ, ಆಮೇಲೆ ಕೇಳಿಕೊಂಡು, ಸ್ವಲ್ಪ. ಸಕ್ಕರೆ ಬೇಡವೇ ಬೇಡ. ನೀರು ದಿನವಿಡೀ ಗುಟುಕು ಗುಟುಕಾಗಿ. ಮದ್ಯ ಒಂದು ವರ್ಷ ಮುಟ್ಟುವಂತಿಲ್ಲ, ಆಮೇಲೂ ಬಿಟ್ಟರೆ ಒಳ್ಳೆಯದು.

"ಕೊನೇ ಮಾತು ಹೇಳಿ ಮೇಡಂ" ಅಂದೆ.

"ಇದೇ ಕೊನೇ ಮಾತು ಸರ್."

"ವರ್ಷ ಅನ್ನೋದನ್ನ ಆರು ತಿಂಗಳು ಮಾಡ್ಕೊಳ್ಳಿ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಹೊಟ್ಟೆ ನನ್ನದಲ್ಲ ಸರ್. ಚೌಕಾಸಿ ಏನಿದ್ರೂ ಅದರ ಹತ್ರಾನೇ ಮಾಡಿ."

ನಾನು ಒಪ್ಪಿದವನಂತೆ ತಲೆಯಾಡಿಸಿದೆ. ಒಳಗೆ ಲೆಕ್ಕ ಬೇರೆಯೇ ಇತ್ತು. ಮೊದಲು ಬಾಯಿ ಬಿಡುವವರು ಯಾರೇ ಆಗಲಿ, ಇಳಿಸಿಕೊಳ್ಳಲು ಜಾಗ ಇಟ್ಟುಕೊಂಡೇ ಹೇಳುತ್ತಾರೆ. ವರ್ಷ ಅಂದವರ ಮನಸ್ಸಿನಲ್ಲಿ ಆರು ತಿಂಗಳಿರುತ್ತದೆ. ಜೀವನವಿಡೀ ಹೀಗೇ ನಡೆದಿತ್ತು, ಆಸ್ಪತ್ರೆಯಲ್ಲಿ ಬೇರೆ ಇರುತ್ತದೆಂದು ನನಗೆ ಯಾಕೆ ಅನ್ನಿಸಬೇಕು?

ಊರಿನಲ್ಲಿ ಹರ್ನಿಯಾ ಅಂತ ಹೇಳಿದೆ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮತ್ತು ಹುಳಿಯಾರಿನ ಒಬ್ಬ ಗೆಳೆಯನಿಗೆ. ಅವನೂ ಕೊಬ್ಬರಿ ವ್ಯಾಪಾರಿ, ಮೂವತ್ತು ವರ್ಷದ ಒಡನಾಟ. ಗೆಳೆಯ ಎನ್ನುವುದಕ್ಕೂ ಎದುರಾಳಿ ಎನ್ನುವುದಕ್ಕೂ ನಮ್ಮ ದಂಧೆಯಲ್ಲಿ ನಡುವೆ ದೊಡ್ಡ ಗೋಡೆಯಿಲ್ಲ.

ಹೆಂಡತಿಗೆ ಹೇಳಿ ಮನೆಯಲ್ಲಿ ಮೊದಲ ಕಾಫಿ ಮಾಡಿಸಿದ್ದು ಮೂರನೇ ತಿಂಗಳಿನಲ್ಲಿ. ಕಾಲು ಲೋಟ, ಸಕ್ಕರೆ ಇಲ್ಲ. ಬಾಯಿಗಿಟ್ಟೆ. ಸುಟ್ಟ ಹುರುಳಿಯ ರುಚಿ. ಅಂಗಡಿಯವನು ಚಿಕೋರಿ ಜಾಸ್ತಿ ಬೆರೆಸಿದ್ದಾನೆ ಎಂದುಕೊಂಡೆ. ಆಮೇಲೆ ಇವಳೇ ಏನೋ ಮಾಡಿದ್ದಾಳೆ, ನನಗೆ ಕಾಫಿ ಬಿಡಿಸಲು ಆಸ್ಪತ್ರೆಯವರ ಜೊತೆ ಮಾತಾಡಿಕೊಂಡಿದ್ದಾಳೆ ಅನ್ನಿಸಿತು. ಡಬ್ಬಿ ತೆಗೆದು, ಒಂದು ಗಾಜಿನ ಲೋಟದಲ್ಲಿ ತಣ್ಣೀರು ಹಾಕಿ, ಮೇಲೆ ಚಿಟಿಕೆ ಪುಡಿ ಉದುರಿಸಿದೆ. ಕಾಫಿಪುಡಿಯಾದರೆ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತಾ ಮುಳುಗುತ್ತದೆ. ನೀವೂ ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಎಂದಿನಷ್ಟೇ ಮುಳುಗಿತು, ಎಂದಿನಷ್ಟೇ ತೇಲಿತು.

ಹೆಂಡತಿ ನನ್ನ ಲೋಟದಲ್ಲಿ ಉಳಿದದ್ದನ್ನು ಕುಡಿದು ನೋಡಿದಳು. "ಇದೇ ಪುಡಿ ಕಣ್ರೀ, ನಾನು ಈ ಮನೆಗೆ ಬಂದಾಗ್ನಿಂದ. ಹೊಟ್ಟೆ ಕುಯ್ಸ್ಕಂಡೋರು ನೀವು, ಡಬ್ಬಿ ಪಾಪ ಏನ್ ಮಾಡ್ತು?"

ನಾಲಿಗೆ ಬದಲಾಗಿದೆ ಎಂದು ಅವಳ ಅಭಿಪ್ರಾಯ. ಅದು ನನಗೆ ಸರಿಬರಲಿಲ್ಲ. ಒಂದು ಚೂರು ಕಡಿದು ಯಾವ ಅಟ್ಟದ ಕೊಬ್ಬರಿ ಎಂದು ಹೇಳಬಲ್ಲ ನಾಲಿಗೆ ಅದು. ಪುಡಿಯನ್ನು ಅನುಮಾನಿಸುವುದೇ ಸುಲಭವಾಗಿತ್ತು. ಅಂಗಡಿ ಬದಲಿಸಿದೆ, ಎರಡು ಸಲ.

ಹೊರಗಿನ ಕಥೆ ಇನ್ನೂ ಕಷ್ಟ. ವ್ಯಾಪಾರ ಕುದುರಿದ ಮೇಲೆ ಸಕ್ಕರೆ ಕಾಫಿಯ ಲೋಟ ಎತ್ತಿ, ತುಟಿಗೆ ತಾಗಿಸಿ, ಕೆಳಗಿಡುತ್ತಿದ್ದೆ. ನಾನು ಎದ್ದು ಬಂದ ಮೇಲೆ ಮನೆಯವರು ಲೋಟ ನೋಡುವುದಿಲ್ಲವೇ? ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತೋಟದವನು ಎರಡು ದಿನ ಬಿಟ್ಟು ಮಾಲನ್ನು ಬೇರೆಯವರಿಗೆ ತೂಗಿಬಿಟ್ಟ. ಕೇಳಿದ್ದಕ್ಕೆ, "ಲೋಟ ತುಂಬ್ದಂಗೇ ಇತ್ತಲ್ರೀ, ನೀವು ಬರಲ್ಲ ಅಂದ್ಕಂಡೆ" ಅಂದ. ತಪ್ಪು ಅವನದಲ್ಲ. ನಾನೇ ಕಲಿಸಿದ ಪಾಠ.

ಹೀಗೆ ಆರು ತಿಂಗಳು ಆಯಿತು. ನಲವತ್ತು ಕೆಜಿ ಇಳಿದಿದ್ದೆ. ದಬ್ಬೇಘಟ್ಟದ ಅಕ್ಕನ ಅಟ್ಟದಲ್ಲಿ ಮಾಲು ಬಲಿತಿದೆ ಎಂದು ಫೋನ್ ಬಂತು. ನಾಳೆ ಬೆಳಗ್ಗೆ ಬರುತ್ತೇನೆಂದೆ.

ಅವತ್ತು ಮಧ್ಯಾಹ್ನ ಹುಳಿಯಾರಿನ ಗೆಳೆಯ ತಿಪಟೂರಿಗೆ ಬಂದಿದ್ದ. ಹೆದ್ದಾರಿಯ ಡಾಬಾದ ಹಿಂದೆ ನಮಗೊಂದು ಕೋಣೆ ಇದೆ. ನಮ್ಮದು ದಿನಾ ವಿಭೂತಿ ಧರಿಸುವ ಮನೆ, ಕುಡಿತದ ಮಾತು ಹೊಸಿಲು ದಾಟಿ ಒಳಗೆ ಬಂದಿಲ್ಲ. ನಾನು ಏಲಕ್ಕಿ ಜಗಿದು ಮನೆಗೆ ಹೋಗುತ್ತಿದ್ದೆ. ಏಲಕ್ಕಿ ವಾಸನೆ ಬಂದ ದಿನ ಹೆಂಡತಿ ಏನೂ ಕೇಳದೆ ಮೊಸರನ್ನ ಮಾತ್ರ ಬಡಿಸುತ್ತಿದ್ದಳು. ನಾನು ಕುಡಿಯುತ್ತಿದ್ದದ್ದು ಖುಷಿಗಿಂತ ಕೆಲಸಕ್ಕೆ ಎಂದರೆ ನಂಬುವವರು ನಂಬಲಿ. ಮೂರು ಪೆಗ್ಗಿನ ತನಕ ನನ್ನ ಬಾಯಿಗೆ ಬೀಗ ಇರುತ್ತಿತ್ತು. ಎದುರಿಗಿದ್ದವರದು ಎರಡಕ್ಕೇ ಬಿಚ್ಚಿಕೊಳ್ಳುತ್ತಿತ್ತು. ಯಾವ ಊರಲ್ಲಿ ಮಾಲಿದೆ, ಯಾರು ಎಷ್ಟಕ್ಕೆ ಒಪ್ಪಿದ್ದಾರೆ, ಎಲ್ಲ ಅಲ್ಲಿ ನನ್ನ ಕಿವಿಗೆ ಬಿದ್ದದ್ದೇ.

"ಒಂದೇ ಒಂದು ಸಣ್ಣದು ಹಾಕು" ಅಂದೆ ಗೆಳೆಯನಿಗೆ.

"ಡಾಕ್ಟ್ರು ವರ್ಷ ಅಂದಿದ್ರು ಅಂದ್ಯಲ್ಲಾ?"

"ಅವ್ರು ಹೇಳೋದು ಹಂಗೇ ಕಣ್ಲಾ. ಅರ್ಧ ಕಳ್ದು ನೋಡ್ಕೋಬೇಕು."

"ಕಳೆಯೋನು ನೀನು. ಕೂಡೋದು ಯಾರೋ" ಅಂದ. ಆದರೂ ಎದ್ದು, ನನಗೆ ಬೆನ್ನು ಮಾಡಿ ಬಗ್ಗಿಸಿ ತಂದ. ಆ ಬೆನ್ನು ನನಗೆ ಆಮೇಲೆ ಬಹಳ ದಿನ ಕಾಣುತ್ತಿತ್ತು.

ಎರಡು ಗುಟುಕಿಗೆ ಕಿವಿ ಬಿಸಿಯಾಯಿತು. ಲೋಟ ಇನ್ನೂ ಮುಗಿದಿರಲಿಲ್ಲ, ಗೋಡೆಯ ಕ್ಯಾಲೆಂಡರು ಓರೆಯಾಯಿತು. ಮಾತಾಡುತ್ತಿದ್ದವನು ನಾನೇ. ದಬ್ಬೇಘಟ್ಟಕ್ಕೆ ನಾಳೆ ಹೋಗುತ್ತಿದ್ದೇನೆ ಅಂದೆ. ಅಕ್ಕ ಇಷ್ಟು ಕೇಳಬಹುದು, ನಾನು ಇಷ್ಟರ ತನಕ ಹೋಗಬಲ್ಲೆ ಅಂದೆ. ಹೇಳುತ್ತಿರುವುದು ನನಗೆ ಕೇಳಿಸುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಗೆಳೆಯ ಏನೂ ಕೇಳಲಿಲ್ಲ. ಸುಮ್ಮನೆ ಕಡಲೆಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದ. ನಾನು ಇಷ್ಟು ವರ್ಷ ಬೇರೆಯವರ ಎದುರು ಕೂರುತ್ತಿದ್ದದ್ದು ಹಾಗೆಯೇ. ಕೊನೆಗೆ ಅವನೇ ತನ್ನ ಕಾರಿನಲ್ಲಿ ಮನೆಗೆ ಬಿಟ್ಟ. ಏಲಕ್ಕಿ ಜಗಿಯುವುದು ಮರೆತಿದ್ದೆ. ಹೆಂಡತಿ ಮೊಸರನ್ನವನ್ನೂ ಬಡಿಸಲಿಲ್ಲ.

ಬೆಳಗ್ಗೆ ಎದ್ದಾಗ ನೆನಪಾಯಿತು. ನಾನು ಕುಡಿದದ್ದು ಸಣ್ಣದೊಂದು ಪೆಗ್ಗಾದರೆ ಅಷ್ಟೊಂದು ಏರುವುದು ಹೇಗೆ? ಅವನು ದೊಡ್ಡದು ಹಾಕಿದ್ದಾನೆ. ಬೇಕೆಂದೇ ಹಾಕಿದ್ದಾನೆ. ಅದಕ್ಕೇ ಬೆನ್ನು ತಿರುಗಿಸಿದ್ದು. ಏಳು ಗಂಟೆಗೆ ಅವನಿಗೆ ಫೋನ್ ಮಾಡಿದೆ, ಬಿಜಿ. ಹತ್ತು ನಿಮಿಷ ಬಿಟ್ಟು ಮಾಡಿದೆ, ಆಗಲೂ ಬಿಜಿ. ಬೆಳಗಿನ ಏಳಕ್ಕೆ ಯಾವ ವ್ಯಾಪಾರಿ ಯಾರ ಜೊತೆ ಅಷ್ಟು ಹೊತ್ತು ಮಾತಾಡುತ್ತಾನೆ? ದಬ್ಬೇಘಟ್ಟಕ್ಕೇ ಮಾಡಿರುತ್ತಾನೆ ಎಂದು ಖಾತ್ರಿಯಾಯಿತು. ತಿಂಡಿ ಬಿಟ್ಟೆ, ಜೊತೆಗೆ ಒಯ್ಯುವ ನೀರಿನ ಬಾಟಲಿ ಮೇಜಿನ ಮೇಲೇ ಉಳಿಯಿತು, ಕಾರು ಹತ್ತಿದೆ. ದಾರಿಯುದ್ದಕ್ಕೂ ಎದುರಿಗೆ ಬಂದ ಪ್ರತಿ ಬಿಳಿ ಕಾರನ್ನೂ ಅವನದೆಂದೇ ನೋಡಿದೆ.

ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಪ್ಪಾ, ಒಣಗೋಗಿದ್ದೀಯ."

"ಹರ್ನಿಯಾ ಆಪ್ರೇಷನ್ ಆಯ್ತಲ್ಲಕ್ಕ."

"ಹೂಂ, ಹರ್ನಿಯಾ" ಅಂದಳು. ಅವಳು ಅಂದ ರೀತಿ ನನಗೆ ಹಿಡಿಸಲಿಲ್ಲ. ಹುಳಿಯಾರಿನವನು ಏನೋ ಹೇಳಿದ್ದಾನೆ ಅಂದುಕೊಂಡೆ.

ಏಣಿ ಹತ್ತಿದೆ. ಮೂರನೇ ಮೆಟ್ಟಿಲಿನ ಮೇಲೆ ಕಾಲಿಟ್ಟಾಗ ಒಂದು ಗಳಿಗೆ ನಿಂತೆ. ಅದು ಕಿರ್ ಎನ್ನಲಿಲ್ಲ. ಅಟ್ಟದಲ್ಲಿ ಬಗ್ಗಿ ಹಿಂದಿನ ಮೂಲೆಗೆ ಹೋಗಿ, ಅಡಿಯಿಂದ ಕಾಯಿ ಎಳೆದು ಕಿವಿಗೆ ಹಿಡಿದೆ. ಲೊಟಲೊಟ. ಇನ್ನೊಂದು ಮೂಲೆ, ಇನ್ನೊಂದು ಕಾಯಿ. ಒಂದನ್ನು ಒಡೆಸಿ ವಾಸನೆ ನೋಡಿದೆ. ಎರಡು ವರ್ಷ ನಾನು ಕಟ್ಟಿದ್ದ ಅನುಮಾನದ ರೇಟಿಗೆ ಆ ಅಟ್ಟದಲ್ಲಿ ಕಾರಣವೇ ಸಿಗಲಿಲ್ಲ. ಹುಡುಕಿದೆ, ಸಿಗಲಿಲ್ಲ.

ಕೆಳಗಿಳಿದಾಗ ಬೆವರು ಸುರಿಯುತ್ತಿತ್ತು, ಗಂಟಲು ಅಂಟಿಕೊಂಡಿತ್ತು. ಅಕ್ಕ ತನ್ನ ರೇಟು ಹೇಳಿದಳು. ಬಹಳ ಮೇಲಿನದು. ಶುರುವಿಗೆ ಎಲ್ಲರೂ ಹಾಗೆ ಹೇಳುತ್ತಾರೆ, ನಾನು ಎಲ್ಲಿಂದ ಇಳಿಸಬೇಕೆಂದು ಮನಸ್ಸಿನಲ್ಲೇ ಜಾಗ ಹುಡುಕುತ್ತಿದ್ದೆ. ಅವಳ ಸೊಸೆ ದೊಡ್ಡ ಲೋಟದಲ್ಲಿ ಕಾಫಿ ತಂದು ನನ್ನ ಬಲಗೈ ಪಕ್ಕದಲ್ಲಿಟ್ಟಳು. ಹಿಂದಿನ ಮಧ್ಯಾಹ್ನದಿಂದ ಸರಿಯಾಗಿ ನೀರು ಕಾಣದ ಬಾಯಿ. ನಾನು ಯೋಚನೆ ಮಾಡುತ್ತಿದ್ದದ್ದು ಹುಳಿಯಾರಿನವನು ಎಷ್ಟು ಹೇಳಿರಬಹುದು ಎಂದು. ಕೈ ತಾನಾಗಿ ಲೋಟ ಎತ್ತಿತು. ಮೂರು ಗುಟುಕು ಒಳಗೆ ಹೋದ ಮೇಲೆ ನನಗೆ ಗೊತ್ತಾಯಿತು.

ಅಕ್ಕನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ಸರಿ ಹಂಗಾದ್ರೆ" ಅಂದಳು.

"ಅಕ್ಕಾ, ಬಾಯಾರಿತ್ತು."

"ಬಾಯಾರಿದ್ರೆ ಹೂಜಿಲಿ ನೀರೈತೆ. ಕಾಫಿಗೆ ಏನರ್ಥ ಅಂತ ಸೀಮೆಗೆಲ್ಲ ಹೇಳ್ಕೊಟ್ಟೋನು ನೀನೇ ಕಣಪ್ಪ."

"ಲೋಟದಾಗೆ ಅರ್ಧ ಉಳ್ದೈತೆ ಕಣತ್ತೆ" ಎಂದು ಸೊಸೆ ನನ್ನ ಪರವಾಗಿ ಅಂದಳೋ ನಗೆಯಾಡಿದಳೋ ಗೊತ್ತಾಗಲಿಲ್ಲ.

"ಅರ್ಧ ಒಳಗೂ ಹೋಗೈತೆ."

ಉತ್ತರ ಕೊಡಲು ಬಾಯಿ ತೆರೆದೆ. ಆಗುತ್ತಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿದೆ, ತಲೆಯಿಂದ ತಣ್ಣನೆಯ ಬೆವರು ಇಳಿಯುತ್ತಿದೆ, ಕಣ್ಣ ಮುಂದೆ ಕತ್ತಲೆ. ಕಾಫಿಯಲ್ಲಿ ಸಕ್ಕರೆ ವಿಪರೀತ ಇತ್ತು. ಹೊಸ ಹೊಟ್ಟೆಗೆ ಸಕ್ಕರೆ ಒಮ್ಮೆಗೇ ಬಿದ್ದರೆ ಹೀಗಾಗುತ್ತದೆ ಎಂದು ಆ ಹಾಳೆಯಲ್ಲಿ ಇತ್ತು. ಅದನ್ನೂ ನಾನು ಅರ್ಧ ಕಳೆದು ಓದಿದ್ದೆ. ಜಗಲಿಯ ಮೇಲೆ ಹಾಗೇ ಒರಗಿದೆ. ಸೊಸೆ ನೀರು ತರಲು ಓಡಿದಳು. ಅಕ್ಕ ಅವರೆಕಾಯಿಯ ಮೊರ ಬರಿದು ಮಾಡಿ ಅದರಿಂದಲೇ ಗಾಳಿ ಬೀಸಿದಳು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಹಂಗಾದ್ರೆ ಅವ್ನು ಹೇಳಿದ್ದು ನಿಜಾನಾ?"

"ಯಾರು?"

"ಹುಳಿಯಾರಿನೋನು. ಏಳ್ಗಂಟೆಗೇ ಫೋನ್ ಮಾಡಿದ್ದ. ಅವ್ನಿಗೆ ಹೊಟ್ಟೆ ಸಣ್ಣ ಮಾಡವ್ರೆ, ಸಕ್ಕರೆ ಕಾಫಿ ಕೊಡ್ಬೇಡಿ, ಅವ್ನಾಗೇ ಬಾಯಿ ಬಿಟ್ಟು ಹೇಳಲ್ಲ ಅಂದ. ಎಷ್ಟೊತ್ತು ಹೇಳ್ದ ಅಂತೀಯ, ನಾನು ನಂಬ್ಲೇ ಇಲ್ಲ. ಇದೇನೋ ನಿಮ್ ವ್ಯಾಪಾರದೋರ ಆಟ ಅಂದ್ಕಂಡೆ. ಕಾಫಿ ಕೊಡದಂಗೆ ಮಾಡಿದ್ರೆ ರೇಟಿನ ಮಾತು ಗಟ್ಟಿ ಮಾಡ್ಕೊಳೋದು ಹೆಂಗೆ? ಅದಕ್ಕೇ ಒಂದು ಚಮಚ ಜಾಸ್ತಿನೇ ಹಾಕ್ಸಿದ್ದೆ."

ನಾನು ಮೊರದ ಗಾಳಿಯಲ್ಲಿ ಮಲಗಿಕೊಂಡೇ ಎಲ್ಲ ಹೇಳಿದೆ. ಅರಳಗುಪ್ಪೆಯ ಏಣಿ, ಬೆಂಗಳೂರಿನ ಆಸ್ಪತ್ರೆ, ಹಿಂದಿನ ದಿನದ ಡಾಬಾ ಕೂಡ. ಅವಳು ಬೀಸುವುದನ್ನು ನಿಲ್ಲಿಸಿದಳು.

"ನನ್ನ ಅಟ್ಟ ಹತ್ತಕ್ಕೆ ಹೊಟ್ಟೆ ಕುಯ್ಸ್ಕಂಡ್ಯಾ? ಬಾಯ್ಬಿಟ್ಟು ಹೇಳಿದ್ರೆ ಕಬ್ಬಿಣದ ಏಣಿ ಮಾಡಿಸ್ತಿದ್ನಲ್ಲೋ."

ಆಮೇಲೆ ತಾನೇ ಅಂದಳು, "ಇದು ಕುಡ್ದಂಗಲ್ಲ ಬುಡು. ಸುಧಾರಿಸ್ಕಂಡು ಎದ್ದೇಳು, ಹೊಸದಾಗಿ ಮಾತಾಡಣ."

ಇಳಿಸಲು ಅವಳೇ ಬಾಗಿಲು ತೆಗೆದಿದ್ದಳು. ನನ್ನ ಜೀವಮಾನದಲ್ಲಿ ಅಂಥ ಬಾಗಿಲು ಕಂಡು ಒಳಗೆ ನುಗ್ಗದೆ ಇದ್ದದ್ದು ಅದೊಂದೇ ಸಲ. ಔದಾರ್ಯವೆಂದು ತಿಳಿಯಬೇಡಿ. ನನ್ನಲ್ಲಿ ಮಾರುವ ವಸ್ತು ಎಂದರೆ ಆ ಒಂದು ಲೋಟದ ಮಾತು, ಅದು ಆಗಲೇ ಚಿಕ್ಕನಾಯಕನಹಳ್ಳಿಯಲ್ಲಿ ಒಮ್ಮೆ ಬಿರುಕು ಬಿಟ್ಟಿತ್ತು. ಜೊತೆಗೆ, ಮೇಲೆ ಹೋಗಿ ನೋಡಿ ಬಂದಿದ್ದೆ. ಅವಳು ಎರಡು ವರ್ಷ ಕಳೆದುಕೊಂಡದ್ದು ಎಷ್ಟೆಂದು ಅವಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. "ಕುಡಿದಾಗಿದೆ ಅಕ್ಕ. ನೀನು ಹೇಳಿದ್ದೇ ರೇಟು" ಅಂದೆ.

ಅವಳು ತಕ್ಷಣ ಸಂತೋಷಪಡಲಿಲ್ಲ. ಇದರೊಳಗೆ ಇನ್ನೇನಿದೆಯೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ವಾಪಸ್ಸು ಬರುವಾಗ ಕಾರು ನಿಲ್ಲಿಸಿ ಗೆಳೆಯನಿಗೆ ಫೋನ್ ಮಾಡಿದೆ. ಥ್ಯಾಂಕ್ಸ್ ಹೇಳಲಿಲ್ಲ. "ನಿನ್ನೆ ಎಷ್ಟು ಹಾಕಿದ್ದೆ?" ಅಂದೆ.

"ಒಂದು ಮುಚ್ಚಳ. ಮಿಕ್ಕಿದ್ದೆಲ್ಲ ನೀರು. ಬೆನ್ನು ತಿರುಗ್ಸಿದ್ದು ನೀನು ನೋಡಿ ಜಾಸ್ತಿ ಹಾಕು ಅಂತೀಯ ಅಂತ. ಅಷ್ಟಕ್ಕೇ ನಿನ್ನ ರೇಟು, ನಿನ್ನ ಅಕ್ಕನ ರೇಟು, ನಿನ್ ಹೆಂಡ್ತಿ ಒಡವೆ ಎಲ್ಲಿಡ್ತಾಳೆ, ಎಲ್ಲಾ ಹೇಳ್ದೆ ಕಣ್ಲಾ."

"ಮತ್ತೆ ಆ ಮಾಲಿಗೆ ನೀನ್ಯಾಕೆ ಹೋಗ್ಲಿಲ್ಲ?"

"ಒಂದು ಮುಚ್ಚಳಕ್ಕೆ ಬಿದ್ದೋನ ಮಾಲು ಎತ್ಕಳೋದ್ರಲ್ಲಿ ಏನ್ ಮಜಾ ಐತೆ? ಮೇಲಾಗಿ ಆ ರೇಟು ನಂಗೆ ಗಿಟ್ಟಲ್ಲ ಬುಡು."

ಎರಡರಲ್ಲಿ ಯಾವುದು ನಿಜವಾದ ಕಾರಣವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರ ಡಾಬಾದ ಗಲ್ಲಾದಲ್ಲಿ ಕೂರುವವನನ್ನು ಬೇರೆ ನೆವದಲ್ಲಿ ಕೇಳಿದೆ. ಆ ದಿನ ಬಾಟಲಿ ಹೆಚ್ಚು ಕಮ್ಮಿ ತುಂಬಿದಂತೆಯೇ ವಾಪಸ್ಸು ಬಂತು ಅಂದ. ಗೆಳೆಯ ಅವನಿಗೂ ಹೇಳಿಕೊಟ್ಟಿರಬಹುದು ಎಂದು ಒಂದು ಗಳಿಗೆ ಅನ್ನಿಸಿ, ಅಲ್ಲಿಗೇ ಬಿಟ್ಟೆ. ಈಗ ಆ ಕೋಣೆಯಲ್ಲಿ ನಾನು ಮಜ್ಜಿಗೆ ಹಿಡಿದು ಕೂರುತ್ತೇನೆ. ಈ ಆಪರೇಷನ್ ಮಾಡಿಸಿಕೊಳ್ಳುವವರಿಗೆ ನನ್ನ ಮಾತು: ಮೊದಲು ಎಷ್ಟು ಕುಡಿದು ತಡೆದುಕೊಳ್ಳುತ್ತಿದ್ದಿರೋ ಆ ಲೆಕ್ಕವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬನ್ನಿ. ಆ ಹಾಳೆಯ ಜೊತೆ ಚೌಕಾಸಿ ಬೇಡ. ಅದರಲ್ಲಿ ಇಳಿಸಲು ಜಾಗ ಇಟ್ಟಿರುವುದಿಲ್ಲ.

ಈಗ ಎಲ್ಲ ಮನೆಯಲ್ಲೂ ಮೊದಲೇ ಹೇಳಿಬಿಡುತ್ತೇನೆ, ಸಕ್ಕರೆ ಇಲ್ಲದ ಕಾಫಿ, ಸಣ್ಣ ಲೋಟ ಎಂದು. ಅರ್ಧ ಜನ ನಂಬುವುದಿಲ್ಲ. ಹೊಸ ಉಪಾಯ ತೆಗೆದಿದ್ದಾನೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೋಡಲಿ.

ಮುಂದಿನ ವರ್ಷ ದಬ್ಬೇಘಟ್ಟಕ್ಕೆ ಹೋದಾಗ ಅಟ್ಟಕ್ಕೆ ಕಬ್ಬಿಣದ ಏಣಿ ನಿಂತಿತ್ತು, ಹಸಿರು ಬಣ್ಣ ಬಳಿದದ್ದು. ಅದರ ಖರ್ಚನ್ನು ರೇಟಿಗೆ ಸೇರಿಸುತ್ತಾಳೋ ಎಂದು ಯೋಚಿಸುತ್ತ ಹತ್ತಿದೆ, ಯೋಚಿಸುತ್ತಲೇ ಇಳಿದೆ. ಮಾತು ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೊಸೆ ಸಣ್ಣ ಲೋಟ ತಂದಿಟ್ಟಳು.

"ಸಕ್ಕರೆ ಹಾಕಿಲ್ಲ ಕಣಪ್ಪ, ಕುಡಿ" ಅಂದಳು ಅಕ್ಕ.

ನಾನು ಕಿರುಬೆರಳು ಅದ್ದಿ ನಾಲಿಗೆಗಿಟ್ಟು ನೋಡಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು, ನುಂಗುತ್ತೇನೋ ಇಲ್ಲವೋ ಎಂದು. ಸುಟ್ಟ ಹುರುಳಿಯ ರುಚಿ ಹಾಗೇ ಇತ್ತು. ಒಂದು ಗುಟುಕು ನುಂಗಿದೆ.